ಕರೀಮ ಸಾಹೇಬರ ಎಂಟು ಗುರುತು

ಡಾಕ್ಟರುಗಳಿಗೆ ಅಭಿನಂದನ ಗ್ರಂಥಗಳು ಬಂದಿವೆ, ಹಕೀಮರಿಗೂ ವೈದ್ಯರಿಗೂ ಸನ್ಮಾನಗಳು ಆಗಿವೆ. ಆದರೆ ಡಾಕ್ಟರು ಬರೆದ ಚೀಟಿಗೂ ರೋಗಿಯ ಬಾಯಿಗೂ ನಡುವೆ ನಿಂತು ಇಡೀ ಆಯುಷ್ಯ ಔಷಧ ಕಲಸಿದ ಕಂಪೌಂಡರರ ಹೆಸರನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಸುರಪುರದ ಸರ್ಕಾರಿ ದವಾಖಾನೆಯಿಂದ ಈ ಮಾರ್ಚಿನಲ್ಲಿ ನಿವೃತ್ತರಾದ ಜನಾಬ್ ಅಬ್ದುಲ್ ಕರೀಮ ಸಾಹೇಬರು ಅಂಥ ಕಂಪೌಂಡರರು. ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ಔಷಧದ ಕಿಟಕಿಗಳ ಹಿಂದೆ ಅವರು ಮೂವತ್ತೊಂದು ವರ್ಷ ನಿಂತಿದ್ದಾರೆ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಹತ್ತಿದೆ ಎಂದು ಯಾರಾದರೂ ಹೇಳಿಕೊಂಡರೆ, ಕೃಷ್ಣೆಯ ದಂಡೆಯಿಂದ ಭೀಮೆಯ ದಂಡೆಯವರೆಗಿನ ಹಳ್ಳಿಗಳಲ್ಲಿ ಇವತ್ತಿಗೂ ಸಿಗುವ ಉತ್ತರ ಒಂದೇ: ಕಿವಿ ಸಾಬ್ರ ಹತ್ತಿರ ಹೋಗು.

ಆ ಅಡ್ಡಹೆಸರು ಅವರಿಗೆ ಬಂದದ್ದು ಜಾಣತನದಿಂದಲ್ಲ, ಒಂದು ತಪ್ಪಿನಿಂದ. ಸನ್ಮಾನದ ಲೇಖನದಲ್ಲಿ ತಪ್ಪಿನ ಮಾತು ಬೇಡವೆಂದು ಸಮಿತಿಯ ಹಿರಿಯರು ಕೆಲವರು ಹೇಳಿದರು. ಸಾಹೇಬರು ಒಪ್ಪಲಿಲ್ಲ. "ಬರಿಯೂದಾದ್ರ ಬಾಟ್ಲಿ ಮಾತು ಮೊದ್ಲು ಬರೀರಿ. ಅದೊಂದು ಬಿಟ್ರ ನಂದೇನದ? ನೀರಾಗ ಪುಡಿ ಕಲಸೀನಿ, ಅಷ್ಟ," ಎಂದರು. ಹಾಗಾಗಿ ಇದು ಬಾಟಲಿಯ ಮಾತು.

ಸಾಹೇಬರ ತಂದೆ ಸುರಪುರದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಕತ್ತರಿ, ಕಾಗದ, ಮೈದಾ ಹಿಟ್ಟಿನ ಅಂಟು, ಈ ಮೂರರ ನಡುವೆ ಬೆಳೆದ ಮಗ ಉರ್ದು ಶಾಲೆಯಲ್ಲಿ ಕಲಿತು, ಫಸಲಿ ಸಾವಿರದ ಮುನ್ನೂರ ನಲವತ್ನಾಲ್ಕರಲ್ಲಿ, ಎಂದರೆ ಈಗಿನ ಲೆಕ್ಕದ ಸಾವಿರದ ಒಂಬೈನೂರ ಮೂವತ್ತೈದರಲ್ಲಿ, ಯಾದಗಿರಿಯ ದವಾಖಾನೆಗೆ ಸೇರಿದರು. ಅಲ್ಲಿನ ಹಿರಿಯ ಕಂಪೌಂಡರ್ ಲಾಡ್ಲೇಸಾಬರು ಹೊಸಬನ ಕೈಗೆ ಮೊದಲು ಕೊಟ್ಟದ್ದು ಔಷಧವಲ್ಲ, ಒಂದು ಕತ್ತರಿ. ಓದು ಬಾರದ ರೋಗಿಗೆ ಎಷ್ಟು ಕುಡಿಯಬೇಕೆಂಬುದನ್ನು ಹೇಳುವುದು ಬಾಟಲಿಗೆ ಅಂಟಿಸುವ ಕಾಗದದ ಪಟ್ಟಿ. ಪಟ್ಟಿಯ ಅಂಚಿನಲ್ಲಿ ಎಂಟು ಕಚ್ಚು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಔಷಧ ಇಳಿದರೆ ಒಂದು ಹೊತ್ತಿನದು ಮುಗಿಯಿತು. ಉಳಿದವರು ಅಳೆದು, ಗೆರೆ ಎಳೆದು, ಆಮೇಲೆ ಕತ್ತರಿಸುತ್ತಿದ್ದರು. ಕರೀಮ ಸಾಹೇಬರು ಪಟ್ಟಿಯನ್ನು ಮೂರು ಸಲ ಮಡಚಿ ಅಂಚಿನಲ್ಲಿ ಕಚ್ಚು ಹಾಕಿ ಬಿಡಿಸಿದರೆ ಎಂಟು ಗುರುತುಗಳು ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಿಲ್ಲುತ್ತಿದ್ದವು. ಲಾಡ್ಲೇಸಾಬರು ಸ್ಕೇಲು ಹಿಡಿದು ನೋಡಿ, ಸ್ಕೇಲನ್ನು ಡ್ರಾಯರಿನೊಳಗೆ ಇಟ್ಟುಬಿಟ್ಟರಂತೆ. ಇಪ್ಪತ್ನಾಲ್ಕು ವರ್ಷದ ತರುಣನಿಗೆ ಅದು ದೊಡ್ಡ ಬಿರುದಾಗಿ ಕಂಡಿತು.

ಯಾದಗಿರಿಯ ಆ ಎಂಟು ವರ್ಷಗಳನ್ನು ನೆನೆಯುವಾಗ ಸಾಹೇಬರ ಮುಖ ಈಗಲೂ ಸಡಿಲಾಗುತ್ತದೆ. ಸಂಜೆ ಕೆಲಸ ಮುಗಿಸಿ ಗುರು ಶಿಷ್ಯರಿಬ್ಬರೂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಮದ್ರಾಸಿನ ಗಾಡಿ ನೋಡುತ್ತಿದ್ದರು. ಗಾಡಿ ಕಣ್ಣಿಗೆ ಬೀಳುವ ಮೊದಲೇ ಕಂಬಿಗಳಲ್ಲಿ ಒಂದು ಸಣ್ಣ ಸದ್ದು ಹುಟ್ಟುತ್ತಿತ್ತು, ಲೋಹದೊಳಗೆ ಯಾರೋ ಉಸಿರು ಬಿಟ್ಟಂತೆ. ಆ ಸದ್ದನ್ನು ಮೊದಲು ಕೇಳಿದವರು ಗೆದ್ದಂತೆ. ಸೋತವರು ಚಹಾ ಕುಡಿಸಬೇಕು. ಶಿಷ್ಯನ ಕಿವಿ ಚುರುಕು. ಲಾಡ್ಲೇಸಾಬರೇ ಹೆಚ್ಚು ಚಹಾ ಕುಡಿಸಿದರು.

ನಲವತ್ಮೂರರಲ್ಲಿ ಶಹಾಪುರಕ್ಕೆ ವರ್ಗವಾಯಿತು. ಐದು ವರ್ಷ ಕಳೆಯುವುದರೊಳಗೆ ಪೊಲೀಸ್ ಆಕ್ಷನ್ ಆಗಿ, ಹೈದರಾಬಾದಿನ ರಾಜ್ಯ ಹೋಗಿ ಹಿಂದೂಸ್ಥಾನದೊಳಗೆ ಸೇರಿತು. ಆ ಹಿಂದಿನ ಮುಂದಿನ ದಿನಗಳಲ್ಲಿ ಎರಡೂ ಕಡೆಯ ಮನೆಗಳಲ್ಲಿ ಏನೇನು ನಡೆಯಿತೆಂಬುದನ್ನು ನಮ್ಮ ಹಿರಿಯರು ಈಗಲೂ ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲಿಯೂ ಅದು ಬೇಡ. ದವಾಖಾನೆಯ ಮಟ್ಟಿಗೆ ಆದದ್ದಿಷ್ಟು: ಡಾಕ್ಟರು ರಜೆಯ ಮೇಲೆ ಹೈದರಾಬಾದಿಗೆ ಹೋದವರು ಮರಳಿ ಬರಲಿಲ್ಲ. ಯಾದಗಿರಿಯ ಡಾಕ್ಟರು ಹದಿನೈದು ದಿನಕ್ಕೊಮ್ಮೆ ಬಂದು ಸಹಿ ಮಾಡಿ ಹೋಗುವ ಏರ್ಪಾಡಾಯಿತು. ಉಳಿದ ದಿನಗಳಲ್ಲಿ ದವಾಖಾನೆ ಎಂದರೆ ಕರೀಮ ಸಾಹೇಬರು ಮತ್ತು ಜವಾನ ಈಶಪ್ಪ. ಹಳೆಯ ನೌಕರರಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂದು ತೀರ್ಮಾನಿಸಲು ಹೊಸ ಸರ್ಕಾರದ ಅಧಿಕಾರಿ ಬರುತ್ತಾರೆಂಬ ಸುದ್ದಿ ಮಾತ್ರ ತಿಂಗಳಿಗೊಮ್ಮೆ ಬರುತ್ತಿತ್ತು.

ನಲವತ್ತೊಂಬತ್ತರ ಮಳೆಗಾಲ ಮುಗಿದ ಮೇಲೆ ಚಳಿಜ್ವರ ಎದ್ದಿತು. ಶಿರವಾಳ, ದೋರನಹಳ್ಳಿ ಕಡೆಯಿಂದ ಗಾಡಿಗಟ್ಟಲೆ ಜನ. ಔಷಧವೇನೋ ಇತ್ತು, ಕ್ವಿನೈನಿನ ಕಹಿ ನೀರು, ಬಾಟಲಿಗಳಿರಲಿಲ್ಲ. ಹೈದರಾಬಾದಿನಿಂದ ಬರುತ್ತಿದ್ದ ಸಣ್ಣ ಹೊಟ್ಟೆಯ, ಉದ್ದನೆಯ ದವಾಖಾನೆ ಬಾಟಲಿಗಳ ಪೆಟ್ಟಿಗೆ ವರ್ಷದಿಂದ ಬಂದಿರಲಿಲ್ಲ. ಊರವರ ಮನೆಗಳಲ್ಲಿ ಹಳೆಯವು ಇದ್ದವು, ತೊಳೆದು ತರುತ್ತಿದ್ದರು. ಹಳ್ಳಿಯವರಿಗೆ ಸಾಹೇಬರೇ ಹೇಳಿದರು, ನಿಮ್ಮ ಮನೆಯಲ್ಲಿ ಯಾವುದಿದೆಯೋ ಅದನ್ನೇ ತನ್ನಿ ಎಂದು. ಅವರು ಎಣ್ಣೆಯ ಬಾಟಲಿ, ಶರಬತ್ತಿನ ಬಾಟಲಿ, ಯಾರದೋ ಬಂಗಲೆಯಿಂದ ಬಂದ ಚೌಕದ ಬಾಟಲಿ, ಹೀಗೆ ಅಗಲವಾದವನ್ನೇ ತಂದರು. ದೂರದಿಂದ ಬರುವವರಿಗೆ ದೊಡ್ಡದು ತರುವುದೇ ಬುದ್ಧಿವಂತಿಕೆಯಲ್ಲವೇ?

ಕಿಟಕಿಯ ಮುಂದೆ ಸಾಲು ಬೆಳೆದಂತೆ ಸಾಹೇಬರು ಒಂದು ಸುಲಭದ ದಾರಿ ಹಿಡಿದರು. ಬಿಡುವಿನಲ್ಲಿ ನೂರಾರು ಪಟ್ಟಿಗಳನ್ನು ಮೊದಲೇ ಕತ್ತರಿಸಿಡುವುದು; ಬಾಟಲಿ ಕೈಗೆ ಬಂದೊಡನೆ ಪಟ್ಟಿ ಅಂಟಿಸುವುದು; ದೊಡ್ಡ ಜಾಡಿಯಿಂದ ಮೇಲಿನ ಗುರುತಿನವರೆಗೆ ಸುರಿಯುವುದು. ಅಳತೆಯ ಗಾಜು ಬೇಕಾಗಿರಲಿಲ್ಲ. ಹದಿನಾಲ್ಕು ವರ್ಷ ಅದೇ ಪಟ್ಟಿ, ಅದೇ ಬಾಟಲಿ, ಎಂಟು ಗುರುತೆಂದರೆ ಎಂಟು ಔನ್ಸು. ಒಮ್ಮೆಯೂ ಹೆಚ್ಚು ಕಡಿಮೆಯಾದದ್ದಿಲ್ಲ. ಕೈಗೆ ಅಷ್ಟು ನಂಬಿಕೆ ಬಂದಿತ್ತು. ಬಾಟಲಿ ಬದಲಾದದ್ದನ್ನು ಕಣ್ಣು ನೋಡಿತು, ಕೈ ಕೇಳಲಿಲ್ಲ.

ಮೊದಲು ಬಂದವನು ಶಿರವಾಳದ ಕುರುಬ ಸಾಬಣ್ಣ. ಜ್ವರ ಬಿಟ್ಟಿದೆ, ಆದರೆ ಕಿವಿಯಲ್ಲಿ ಜೀರುಂಡೆಗಳು ಕೂತಿವೆ ಎಂದ. ಕುರಿಯ ಕೊರಳ ಗಂಟೆ ಯಾವ ದಿಕ್ಕಿನಲ್ಲಿದೆ ಎಂದು ತಿಳಿಯದೆ ಎರಡು ಮರಿಗಳನ್ನು ತೋಳಕ್ಕೆ ಕೊಟ್ಟಿದ್ದ. ಸಾಹೇಬರು ಕ್ಷೌರದ ಕನ್ನಡಿಯನ್ನು ಹಣೆಗೆ ಕಟ್ಟಿಕೊಂಡು, ಬಿಸಿಲನ್ನು ಅವನ ಕಿವಿಯೊಳಗೆ ಬಿಟ್ಟು ನೋಡಿದರು. ಕಿವಿಯ ಗುಗ್ಗೆ ಗಟ್ಟಿಯಾಗಿತ್ತು. ಎರಡು ದಿನ ಬೆಚ್ಚಗಿನ ಎಣ್ಣೆ ಬಿಟ್ಟು, ಮೂರನೆಯ ದಿನ ಉಗುರುಬೆಚ್ಚಗಿನ ನೀರನ್ನು ಪಿಚಕಾರಿಯಿಂದ ಹಾಯಿಸಿ ತೆಗೆದರು. ಕಿವಿ ಸ್ವಚ್ಛವಾಯಿತು. "ಈಗ ಇನ್ನೂ ಚಂದ ಕೇಳಸಾಕತ್ಯಾವ್ರಿ ಜೀರುಂಡಿ," ಎಂದು ಸಾಬಣ್ಣ ನಕ್ಕ. ನಗದಿದ್ದರೆ ಅಳಬೇಕಾಗಿತ್ತು.

ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಎರಡು ತಿಂಗಳಲ್ಲಿ ಹದಿನಾಲ್ಕು ಜನ. ಒಬ್ಬನಿಗೆ ತುಂಬಿದ ಜೇನುಗೂಡು, ಇನ್ನೊಬ್ಬಳಿಗೆ ದೂರದ ಗಿರಣಿ. ಹುಣಸಗಿಯ ಭೀಮಮ್ಮ ಶಹಾಪುರದ ಮಗಳ ಮನೆಗೆ ಬಂದಾಗ ಜ್ವರ ಹತ್ತಿ, ಊರಿಗೆ ಮರಳುವಾಗ ದೊಡ್ಡ ಬಾಟಲಿಯಲ್ಲಿ ಔಷಧ ಒಯ್ದವಳು. ಅರವತ್ತು ದಾಟಿದ ಆಕೆ ಮಗಳ ಕೈಯಲ್ಲಿ ಹೇಳಿ ಕಳಿಸಿದಳು, ಕಿವಿಯ ಮೇಲೆ ಯಾರೋ ಖಾಲಿ ಕೊಡ ಬೋರಲು ಹಾಕಿದಂತಾಗಿದೆ ಎಂದು. ಹಿಂದಿನ ವರ್ಷದ ಗುಂಡಿನ ಸದ್ದು ಕಿವಿಯೊಳಗೆ ಉಳಿದಿದೆ ಎಂದರು ಕೆಲವರು. ಸತ್ತವರು ಕರೆಯುತ್ತಿದ್ದಾರೆ ಎಂದರು ಇನ್ನು ಕೆಲವರು. ತಾಯತ ಕಟ್ಟಿದರು, ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟರು, ಹರಕೆ ಹೊತ್ತರು. ಸಾಹೇಬರು ತಮಗೆ ಗೊತ್ತಿದ್ದುದನ್ನೆಲ್ಲ ಮಾಡಿದರು. ನೆಗಡಿ ಕಟ್ಟಿದವರಿಗೆ ಹಬೆ ಹಿಡಿಸಿದರು, ಕಣ್ಣ ರೆಪ್ಪೆ ಬಿಳುಪಾದವರಿಗೆ ಕಬ್ಬಿಣದ ಔಷಧ ಕೊಟ್ಟರು, ಹೊಗೆಸೊಪ್ಪು ಬಿಡಿಸಿದರು, ಗ್ಲಿಸರಿನ್ ಹನಿ ಹಾಕಿದರು. ಯಾವುದಕ್ಕೂ ಸದ್ದು ಜಗ್ಗಲಿಲ್ಲ. ಜ್ವರ ಪೂರ್ತಿ ಹೋಗದಿರುವುದಕ್ಕೇ ಹೀಗಾಗುತ್ತಿದೆಯೆಂದು ಬಗೆದು, ಬಂದವರ ಬಾಟಲಿಗೆ ಅದೇ ಕಹಿ ನೀರನ್ನು ಮತ್ತೊಮ್ಮೆ ತುಂಬಿ ಕೊಟ್ಟರು.

ಗುಟ್ಟು ಬಿಚ್ಚಿದವರು ಯಾವ ಡಾಕ್ಟರೂ ಅಲ್ಲ, ಬಜಾರಿನ ಕಿರಾಣಿ ಅಂಗಡಿಯ ಗೊಲ್ಲಾಳಮ್ಮ. ಆಕೆಯ ಅಂಗಡಿಯಲ್ಲಿ ಗಂಡ ಗಲ್ಲೆಯ ಮುಂದೆ ಕೂಡುತ್ತಿದ್ದರೂ ತಕ್ಕಡಿಯೂ ಎಣ್ಣೆಯ ಮಾಪೂ ಆಕೆಯ ಕೈಯಲ್ಲೇ ಇದ್ದವು. ಒಂದು ಮಂಗಳವಾರ ಬೆಳಿಗ್ಗೆ ಆಕೆಯೂ ಸಾಬಣ್ಣನೂ ಕಿಟಕಿಯ ಮುಂದೆ ಒಟ್ಟಿಗೆ ನಿಂತಿದ್ದರು, ಇಬ್ಬರ ಬಾಟಲಿಗಳೂ ತುಂಬಿ ಕಟ್ಟೆಯ ಮೇಲೆ ಅಕ್ಕಪಕ್ಕ ಇದ್ದವು.

"ಏ ಸಾಬಣ್ಣ, ನಿನ್ನ ಬಾಟ್ಲಿ ಹೊಟ್ಟಿ ನೋಡು, ಗೌಡ್ರ ಹೊಟ್ಟಿ ಆಗ್ಯಾದ. ನಂದು ನೋಡು, ಉಪವಾಸ ಬಿದ್ದವರಂಗ ನಿಂತದ. ನಿನಗೂ ಎಂಟ ಗೆರಿ, ನನಗೂ ಎಂಟ ಗೆರಿ. ಸಾಬ್ರಿಗೆ ಕುರಿ ಹಾಲು ಕುಡಿಸೀಯೇನು?"

"ಹಾಲು ಎಲ್ಲಿಂದ ತರ್ಲಿ ಯಕ್ಕ, ಅಗಲ ಬಾಟ್ಲಿ ತಂದೀನಿ, ಅಷ್ಟ."

"ಅಗಲ ಬಾಟ್ಲಿಗೆ ಗೆರಿ ನೋಡಿ ಎಣ್ಣಿ ಹಾಕಿದ್ರ ನಮ್ಮ ಅಂಗಡಿ ಮೂರು ದಿನದಾಗ ಬಂದಾಗ್ತಿತ್ತು," ಎಂದು ಗೊಲ್ಲಾಳಮ್ಮ ಸೆರಗು ಸರಿ ಮಾಡಿಕೊಂಡಳು.

ಜಾಡಿ ಹಿಡಿದಿದ್ದ ಕೈ ಹಾಗೆಯೇ ನಿಂತಿತು. ಸಾಹೇಬರು ಎರಡೂ ಬಾಟಲಿಗಳನ್ನು ಒಳಗೆ ತೆಗೆದುಕೊಂಡು ಹೋದರು. ಕಪಾಟಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ಅಳತೆಯ ಗಾಜನ್ನು ತೊಳೆದು, ಸಣ್ಣ ಬಾಟಲಿಯಿಂದ ಒಂದು ಗುರುತು ಇಳಿಸಿದರು: ಒಂದು ಔನ್ಸು. ಅಗಲ ಬಾಟಲಿಯಿಂದ ಒಂದು ಗುರುತು ಇಳಿಸಿದರು: ಎರಡು ಔನ್ಸು, ಮೇಲೆ ಚೂರು. ಮತ್ತೊಮ್ಮೆ ಇಳಿಸಿದರು. ಹದಿನಾಲ್ಕು ಜನರ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂತು. ಎಲ್ಲರೂ ಹಳ್ಳಿಯವರು, ಎಲ್ಲರದೂ ಅಗಲ ಬಾಟಲಿ. ಊರವರೊಬ್ಬರೂ ಇರಲಿಲ್ಲ. ಕ್ವಿನೈನು ಹೆಚ್ಚಾದರೆ ಕಿವಿ ಮೊಳಗುತ್ತದೆಂಬುದು ಲಾಡ್ಲೇಸಾಬರು ಮೊದಲ ವಾರವೇ ಹೇಳಿಕೊಟ್ಟ ಪಾಠ. ತಮ್ಮ ಕೈ ಹೆಚ್ಚು ಹಾಕುತ್ತದೆಂಬುದೊಂದು ಅವರ ಎಣಿಕೆಗೆ ಬಂದಿರಲಿಲ್ಲ.

ಸಾಬಣ್ಣನ ಔಷಧವನ್ನು ಅಲ್ಲಿಯೇ ಚೆಲ್ಲಿ, ಇನ್ನು ಕುಡಿಯಬೇಡ ಎಂದು ಕಳಿಸಿದರು. ಆದರೂ ಖಾತರಿ ಬೇಕಿತ್ತು. ಅಂದಿನಿಂದ ಮೂರು ದಿನ ತಾವೇ ಅಗಲ ಬಾಟಲಿಯ ಗುರುತಿನಂತೆ ಕುಡಿದರು. ಎರಡನೆಯ ದಿನ ಮಧ್ಯಾಹ್ನ ಪುಡಿ ತೂಗುತ್ತಿದ್ದಾಗ ಅದು ಬಂತು. ಯಾದಗಿರಿಯ ಕಂಬಿಗಳ ಸದ್ದು. ಗಾಡಿ ಬರುತ್ತಿದೆ, ಬರುತ್ತಲೇ ಇದೆ, ಬಂದು ನಿಲ್ಲುವುದೇ ಇಲ್ಲ. ಒಂದು ಕಾಲಕ್ಕೆ ಚಹಾ ಗೆಲ್ಲಿಸಿಕೊಟ್ಟ ಆ ಸದ್ದಿನೊಳಗೆ ಎದುರಿಗಿದ್ದ ಈಶಪ್ಪನ ಮಾತು ಅರ್ಧ ಮುಳುಗಿತ್ತು. ಈ ಹದಿನಾಲ್ಕು ಜನ ಯಾವುದನ್ನು ಹೊತ್ತು ನಡೆದಾಡುತ್ತಿದ್ದಾರೆಂಬುದು ಅವರಿಗೆ ಆಗ ತಿಳಿಯಿತು. ಔಷಧ ಬಿಟ್ಟ ಐದನೆಯ ದಿನ ಸದ್ದು ಹೋಯಿತು.

ಈಶಪ್ಪ ಸಾಹೇಬರಿಗಿಂತ ಹಿರಿಯ, ಹಿತ ಬಯಸುವವನು. ಸಂಗತಿ ತಿಳಿದ ಮೇಲೆ ಅವನು ಬಾಗಿಲು ಮುಂದೆ ಮಾಡಿ ಹೇಳಿದ ಮಾತನ್ನು ಸಾಹೇಬರು ಇಂದಿಗೂ ಹಾಗೆಯೇ ಹೇಳುತ್ತಾರೆ. "ಸಾಬ್ರ, ಇವತ್ತಿಂದ ಅಳದು ಹಾಕ್ರಿ. ಸದ್ದು ತಾನ ಹೋಗ್ತದ. ಹರಕಿ ಹೊತ್ತವ್ರು ದೇವ್ರು ಬಿಡಿಸ್ದ ಅಂತಾರ, ತಾಯತ ಕಟ್ಟಿದವ್ರು ತಾಯತ ಅಂತಾರ. ನಡುವ ನಿಮ್ಮ ಹೆಸರ್ಯಾಕ? ಕಾಲ ಹೆಂಗದ ನಿಮಗ ಗೊತ್ತದ. ದೊಡ್ಡ ಸಾಹೇಬ್ರು ಬ್ಯಾರೆ ಬರಾಕತ್ಯಾರ. ಸಾಬ ವಿಷ ಹಾಕ್ದ ಅಂತ ಒಬ್ಬ ಅಂದ್ರ ಸಾಕು, ನಾನು ಅಡ್ಡ ಬಂದ್ರೂ ನಡಿಯಾದಿಲ್ಲ."

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮನೆಯಲ್ಲಿ ಹೆಂಡತಿ, ಮೂವರು ಮಕ್ಕಳು. ಖಾಯಂ ಆಗದಿದ್ದರೆ ಹೋಗಲು ಇನ್ನೊಂದು ಊರಿಲ್ಲ. ಆದರೆ ಅಗಲ ಬಾಟಲಿಗಳು ಹಳ್ಳಿಯ ಗೂಡುಗಳಲ್ಲಿ ಇನ್ನೂ ಅರ್ಧರ್ಧ ತುಂಬಿ ಕೂತಿದ್ದವು. ನಾಳೆ ಮನೆಯಲ್ಲಿ ಇನ್ನೊಬ್ಬರಿಗೆ ಚಳಿ ಬಂದರೆ ಅದೇ ಬಾಟಲಿ, ಅದೇ ಗುರುತು. ಸುಮ್ಮನಿರುವುದೆಂದರೆ ದಿನಕ್ಕೆರಡು ಹೊತ್ತು ಮತ್ತೆ ಮತ್ತೆ ಅದನ್ನೇ ಮಾಡಿದಂತೆ.

ಸಾಹೇಬರು ಸೈಕಲ್ ಹೊರತೆಗೆದರು. ಮಧ್ಯಾಹ್ನ ದವಾಖಾನೆ ಮುಚ್ಚಿದ ಮೇಲೆ ಹೊರಟು ಕತ್ತಲಾಗುವುದರೊಳಗೆ ಮರಳುತ್ತ, ಒಂಬತ್ತು ದಿನಗಳಲ್ಲಿ ಹದಿಮೂರು ಮನೆ ಮುಟ್ಟಿದರು. ಪ್ರತಿ ಮನೆಯಲ್ಲೂ ಎರಡು ಬಾಟಲಿ ತೋರಿಸಿ ಒಂದೇ ಮಾತು: ಔಷಧ ಹೆಚ್ಚಾಗಿದೆ, ಹೆಚ್ಚು ಹಾಕಿದವನು ನಾನು, ಉಳಿದದ್ದನ್ನು ಚೆಲ್ಲಿರಿ, ಐದಾರು ದಿನಕ್ಕೆ ಸದ್ದು ಹೋಗುತ್ತದೆ. ಸಾಬಣ್ಣನಿಗೆ ಆಗಲೇ ಗುಣವಾಗಿತ್ತು. ಜೀರುಂಡೆಗಳು ಹೋದ ಮೇಲೆ ಅಡವಿ ಬಿಕೋ ಎನ್ನುತ್ತದೆಂದು ಅವನು ತಮಾಷೆ ಮಾಡಿದ. ಎಲ್ಲರೂ ಹಾಗಿರಲಿಲ್ಲ. ಒಬ್ಬ ಬಾಟಲಿಯನ್ನು ಸಾಹೇಬರ ಕಾಲ ಬುಡದಲ್ಲೇ ಒಡೆದ. ಒಬ್ಬಳು ಬಾಗಿಲು ಹಾಕಿಕೊಂಡಳು.

ಉಳಿದದ್ದು ಹುಣಸಗಿ. ಅಷ್ಟು ದೂರ ಒಂದು ದಿನದಲ್ಲಿ ಆಗದು. ಭಾನುವಾರ ನಸುಕಿನಲ್ಲಿ ಹೊರಟು, ಸುರಪುರದ ಅಣ್ಣನ ಮನೆಯಲ್ಲಿ ರೊಟ್ಟಿ ತಿಂದು, ಇಳಿಬಿಸಿಲಿಗೆ ಭೀಮಮ್ಮನ ಮನೆಯ ಮುಂದೆ ಇಳಿದರು. ಅವರ ಮಾತು ಮುಗಿಯುವ ಮೊದಲೇ ಮಗ ಅಯ್ಯಣ್ಣ ಅಂಗಿಯ ಕೊರಳಪಟ್ಟಿ ಹಿಡಿದ. "ನಮ್ಮವ್ವಗ ಏನ್ ಕುಡಿಸೀಯೋ?" ಎಂದ. ನೆರೆಯವರು ನಾಲ್ಕು ಜನ ಎದ್ದು ಬಂದರು. ಒಬ್ಬನ ಕೈಯಲ್ಲಿ ಕುರಿ ಕಾಯುವ ಕೋಲಿತ್ತು. ಸಾಹೇಬರು ಕೈ ಎತ್ತಲಿಲ್ಲ. ಬಾಟಲಿಗಳಿದ್ದ ಚೀಲ ಬೀಳದಂತೆ ಎದೆಗೆ ಹಿಡಿದುಕೊಂಡರು.

ಕಟ್ಟೆಯ ಮೇಲೆ ಕೂತಿದ್ದ ಭೀಮಮ್ಮನಿಗೆ ಮಾತು ಪೂರ್ತಿ ಕೇಳಿಸಿರಲಿಲ್ಲ, ಕಂಡಿತ್ತು. "ಬಿಡಲೇ ಅಯ್ಯ," ಎಂದಳು. "ವಿಷ ಹಾಕಾವ ಇಷ್ಟ ದೂರ ಸೈಕಲ್ ತುಳ್ಕೊಂಡು ಹೇಳಾಕ ಬರ್ತಾನೇನು? ನೀರು ಕೊಡು ಮೊದ್ಲು. ತುಟಿ ಒಣಗ್ಯಾವ ಅವಂಗ."

ಕೊರಳಪಟ್ಟಿ ಸಡಿಲಾಯಿತು. ನೀರು ಬಂತು. ಭೀಮಮ್ಮ ಹತ್ತಿರ ಕರೆದು, ತನ್ನ ಕಿವಿಗೆ ಬಾಯಿ ಹಚ್ಚಿ ಹೇಳು ಎಂದಳು. ಎಲ್ಲ ಕೇಳಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಹಂಗಾದ್ರ ಇದು ಗಾಳಿ ಅಲ್ಲ? ಸತ್ತವ್ರು ಕರಿಯಾಕತ್ತಿಲ್ಲ?"

"ಅಲ್ಲ ಯವ್ವಾ. ನನ್ನ ಕೈ."

ಆಕೆ ಸಾಹೇಬರ ಬಲಗೈ ತೆಗೆದುಕೊಂಡು, ಅಂಗೈ ಹಿಂದೆ ಮುಂದೆ ತಿರುಗಿಸಿ ನೋಡಿ ಬಿಟ್ಟಳು.

ಮರುವರ್ಷ ಫೆಬ್ರವರಿಯಲ್ಲಿ ಅಧಿಕಾರಿಗಳು ಬಂದರು. ಬಳ್ಳಾರಿ ಕಡೆಯವರು, ಮಿತಭಾಷಿಗಳು. ಉರ್ದು ಬಾರದು. ದವಾಖಾನೆಯ ಪುಸ್ತಕಗಳೆಲ್ಲ ಉರ್ದುವಿನಲ್ಲಿದ್ದವು. ಕುರ್ಚಿಯಲ್ಲಿ ಕೂತು, ಓದಿ ಹೇಳಿ ಎಂದರು. ಸಾಹೇಬರು ಎದುರಿಗೆ ನಿಂತು ಒಂದೊಂದೇ ಪುಟ ಕನ್ನಡದಲ್ಲಿ ಹೇಳುತ್ತ ಹೋದರು. ನವೆಂಬರಿನ ಪುಟ ಬಂತು. ಅದರಲ್ಲಿ ಅವರ ಕೈಬರಹದ ಹನ್ನೊಂದು ಸಾಲುಗಳಿದ್ದವು: ಯಾರಿಗೆ, ಯಾವ ಬಾಟಲಿಯಲ್ಲಿ, ಎಷ್ಟು ಹೆಚ್ಚು, ಯಾರ ತಪ್ಪು. ಬಾಗಿಲ ಬಳಿ ನಿಂತಿದ್ದ ಈಶಪ್ಪನಿಗೆ ಉರ್ದು ಓದಲು ಬರುತ್ತಿರಲಿಲ್ಲ, ಆದರೆ ಆ ಪುಟದ ಮೇಲಿನ ಮಸಿಯ ಕಲೆ ಗೊತ್ತಿತ್ತು. ಅವನು ನೆಲ ನೋಡಿದ. ಆ ಕೋಣೆಯಲ್ಲಿ ಓದಬಲ್ಲವರು ಒಬ್ಬರೇ. ಹಾಳೆ ತಿರುವಿದರೆ ಅಲ್ಲಿಗೆ ಮುಗಿಯಿತು.

ಸಾಹೇಬರು ಹನ್ನೊಂದು ಸಾಲುಗಳನ್ನೂ ಓದಿದರು.

ಅಧಿಕಾರಿಗಳು ಮತ್ತೊಮ್ಮೆ ಓದಿಸಿದರು. ಇದನ್ನು ಪುಸ್ತಕದಲ್ಲಿ ಬರೆಯಲು ನಿಮಗೆ ಯಾರು ಹೇಳಿದರು ಎಂದು ಕೇಳಿದರು. "ಯಾರೂ ಹೇಳಿಲ್ರಿ. ನನ್ನ ಹಿಂದ ಬರೋ ಕಂಪೌಂಡರ್ ಇದ ಕಿಟಕಿಗೆ ನಿಂದರ್ತಾನ, ಅವನ ಕೈಯಾಗೂ ಅಗಲ ಬಾಟ್ಲಿ ಬರ್ತದ. ಅವಂಗ ಗೊತ್ತಿರ್ಲಿ ಅಂತ," ಎಂದರು ಸಾಹೇಬರು.

ಅವರನ್ನು ತೆಗೆದುಹಾಕಲಿಲ್ಲ. ಖಾಯಂ ಕೂಡ ಮಾಡಲಿಲ್ಲ. ಹಂಗಾಮಿಯಾಗಿ ಸುರಪುರಕ್ಕೆ ಕಳಿಸಿದರು. ಹೊಸ ಮೈಸೂರು ರಾಜ್ಯಕ್ಕೆ ನಮ್ಮ ಜಿಲ್ಲೆ ಸೇರುವವರೆಗೆ ಆರು ವರ್ಷ ಹಂಗಾಮಿಯಾಗಿಯೇ ಇದ್ದರು, ಜೊತೆಯವರೆಲ್ಲ ಮುಂದೆ ಹೋದರು. ಈ ಬಗ್ಗೆ ಅವರ ಬಾಯಿಂದ ಬೇಸರದ ಮಾತನ್ನು ಕೇಳಿದವರಿಲ್ಲ. ಸುರಪುರ ತಂದೆಯ ಊರು. ಹುಣಸಗಿಗೆ ಅಲ್ಲಿಂದ ಬಸ್ಸು ಬೇರೆ ಶುರುವಾಗಿತ್ತು.

ಹುಣಸಗಿಯ ಬಸ್ಸು ಏಕೆ ಬೇಕಿತ್ತೆಂದರೆ, ಹದಿಮೂರು ಜನರ ಸದ್ದು ಹೋಯಿತು, ಭೀಮಮ್ಮನದು ಹೋಗಲಿಲ್ಲ. ವಯಸ್ಸಿನಿಂದ ಮೊದಲೇ ಸೋತಿದ್ದ ಕಿವಿಗಳು; ಔಷಧ ಕಾರಣವೋ ವಯಸ್ಸೋ ಎಂದು ಗುಲಬರ್ಗಾದ ದೊಡ್ಡ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಸಾಹೇಬರು ಮಾತ್ರ ಅದನ್ನು ತಮ್ಮ ಲೆಕ್ಕಕ್ಕೇ ಹಾಕಿಕೊಂಡರು. ಸಿಕ್ಕ ಡಾಕ್ಟರುಗಳನ್ನೆಲ್ಲ ಕೇಳಿದರು, ಹಕೀಮರನ್ನು ಕೇಳಿದರು, ಹೈದರಾಬಾದಿಗೆ ಕಾಗದ ಬರೆದರು, ಬಂದ ಉತ್ತರಗಳನ್ನು ನೋಟುಬುಕ್ಕಿನಲ್ಲಿ ಇಳಿಸಿಕೊಂಡರು. ಆ ನೋಟುಬುಕ್ಕಿನಿಂದಲೇ ಅವರು ಕಿವಿ ಸಾಬ್ರು ಆದದ್ದು. ಸದ್ದು ಎಂದು ಬಂದವರಿಗೆ ಮೊದಲ ಪ್ರಶ್ನೆ, ಏನು ಔಷಧ ಕುಡಿಯುತ್ತಿದ್ದೀರಿ, ಬಾಟಲಿ ತಂದಿದ್ದೀರಾ. ಕಿವಿಯೊಳಗೆ ನೋಡುವುದು ಆಮೇಲೆ. ಹತ್ತಿಯ ಗಿರಣಿಯವರಿಗೆ ಕಿವಿಗೆ ಬಟ್ಟೆಯ ಉಂಡೆ ಇಟ್ಟುಕೊಂಡು ಯಂತ್ರದ ಮುಂದೆ ನಿಲ್ಲಲು ಹೇಳುತ್ತಿದ್ದರು. ಒಂದೇ ಕಿವಿಯಲ್ಲಿ ಸದ್ದು, ಜೊತೆಗೆ ತಲೆ ತಿರುಗುತ್ತದೆ ಎಂದರೆ ಒಂದು ದಿನವೂ ಇಟ್ಟುಕೊಳ್ಳದೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿ ಕೊಡುತ್ತಿದ್ದರು. ಯಾವುದಕ್ಕೂ ಬಗ್ಗದ ಸದ್ದಿಗೆ ಔಷಧವಿದೆಯೆಂದು ಯಾರಿಗೂ ಸುಳ್ಳು ಹೇಳಲಿಲ್ಲ. ಅಂಥವರಿಗೆ ಏನು ಮಾಡಬಹುದೆಂಬುದನ್ನು ಅವರಿಗೆ ಕಲಿಸಿದವಳು ಭೀಮಮ್ಮ.

ಐವತ್ತೆರಡರ ಬೇಸಿಗೆಯಲ್ಲಿ ಒಮ್ಮೆ ಆಕೆ ಹೇಳಿದಳು: ಈಶ್ವರನ ಗುಡಿಯಲ್ಲಿ ಲಿಂಗದ ಮೇಲಿನ ಧಾರಾಪಾತ್ರೆಯಿಂದ ಹನಿ ಬೀಳುವಾಗ ಹತ್ತಿರ ಕೂತರೆ ಕೊಡದ ಸದ್ದು ಹಿಂದೆ ಸರಿಯುತ್ತದೆ. ಸಾಹೇಬರು ಎರಡು ಸಲ ಕೇಳಿ ಬರೆದುಕೊಂಡರು. ಮುಂದಿನ ಬಸ್ಸಿಗೆ ಒಂದು ಹೊಸ ಮಡಕೆ ತಂದರು. ತಳಕ್ಕೆ ಸೂಜಿಯ ಮೊನೆಯಷ್ಟು ತೂತು, ತೂತಿಗೆ ಬತ್ತಿ, ಕೆಳಗೆ ಹಿತ್ತಾಳೆಯ ತಾಟು. ಆಕೆಯ ಹಾಸಿಗೆಯ ಪಕ್ಕದ ತೊಲೆಗೆ ತೂಗುಹಾಕಿ, ಬತ್ತಿ ಬಿಗಿ ಮಾಡಿ ಸಡಿಲು ಮಾಡಿ ಕೂತರು. ಹನಿ ಜೋರಾದರೆ ಅದೇ ಕಾಟ. ಕಡಿಮೆಯಾದರೆ ಕೊಡ ಗೆಲ್ಲುತ್ತದೆ. ಎರಡೂ ಸದ್ದು ಒಂದರೊಳಗೊಂದು ಬೆರೆಯುವಷ್ಟು ಬೀಳಬೇಕು. ಪಟ್ಟಿ ಕತ್ತರಿಸಿದ ಬೆರಳುಗಳು ಈ ಸಲ ತಾವಾಗಿ ತೀರ್ಮಾನಿಸಲಿಲ್ಲ. ಪ್ರತಿ ಸಲವೂ ತಿರುಗಿ ಭೀಮಮ್ಮನ ಮುಖ ನೋಡಿದವು ಎನ್ನಬೇಕು. ಕೊನೆಗೆ ಆಕೆ ಕೈ ಎತ್ತಿ, ಇರಲಿ, ಎಂದಳು. ಮುಂದೆ ಒಂಬತ್ತು ವರ್ಷ ಆ ಮಡಕೆ, ಒಡೆದಾಗ ಇನ್ನೊಂದು ಮಡಕೆ, ಆಕೆ ತೀರಿಕೊಳ್ಳುವವರೆಗೆ ಆ ಮನೆಯಲ್ಲಿ ಹನಿಯಿತು. ಸದ್ದು ಹೋಗಿರಲಿಲ್ಲ, ಗಾಳಿಯಲ್ಲವೆಂದು ಗೊತ್ತಾದ ದಿನದಿಂದಲೇ ಅರ್ಧ ಇಳಿದಿತ್ತು ಎಂದು ಆಕೆ ಹೇಳುತ್ತಿದ್ದಳಂತೆ.

ಸುರಪುರದಲ್ಲಿ ಸಾಹೇಬರ ಕೈಕೆಳಗೆ ಏಳು ಜನ ತರುಣರು ಕಂಪೌಂಡರಿಕೆ ಕಲಿತು ಬೇರೆ ಬೇರೆ ಊರುಗಳಲ್ಲಿದ್ದಾರೆ. ಅವರೆಲ್ಲರಿಗೂ ಮೊದಲ ದಿನದ ಪಾಠ ಒಂದೇ. ಒಂದು ಉದ್ದನೆಯ ಬಾಟಲಿ, ಒಂದು ಅಗಲ ಬಾಟಲಿ, ಒಂದು ಕೊಡ ನೀರು; ಎಂಟು ಗುರುತಿನ ಪಟ್ಟಿ ಎರಡಕ್ಕೂ ಅಂಟಿಸಿ, ಸುರಿದು ಅಳೆದು ನೋಡಬೇಕು. ನೋಡಿ ಆದ ಮೇಲೆ ಸಾಹೇಬರು ಶಹಾಪುರದ ಕಥೆ ಹೇಳುತ್ತಿದ್ದರು, ಹೆಸರು ಮುಚ್ಚದೆ.

ಮಾರ್ಚ್ ಮೂವತ್ತೊಂದರ ಮಧ್ಯಾಹ್ನ ಹಾರ, ಭಾಷಣ, ಫೋಟೋ ಎಲ್ಲ ಮುಗಿದ ಮೇಲೆ ಹುಣಸಗಿಯ ಬಸ್ಸಿನಿಂದ ಒಬ್ಬರು ಇಳಿದರು. ತಲೆ ನರೆತ ಅಯ್ಯಣ್ಣ. ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು, ಖಾಲಿ ಕುರ್ಚಿಗಳ ನಡುವೆ ನಡೆದು ಬಂದು, ಕಿಟಕಿಯ ಮುಂದೆ ನಿಂತರು. ಸಾಹೇಬರು ಕೊರಳಿನ ಹಾರ ತೆಗೆದಿಟ್ಟು ಒಳಗಿನಿಂದ ನೋಡಿದರು.

"ಅವ್ವನ ಸದ್ದು ನನಗ ಬಂದದ್ರಿ ಸಾಬ್ರ," ಎಂದರು ಅಯ್ಯಣ್ಣ. "ಎರಡು ತಿಂಗಳಾತು. ಹುಣಸಗ್ಯಾಗ ಡಾಕ್ಟರ್ ಇದ್ದಾರ. ಆದ್ರೂ..."

ಸಾಹೇಬರು ಬಾಯಿ ತೆರೆಯುವ ಮೊದಲೇ ಅವರು ಹೆಗಲ ಚೀಲಕ್ಕೆ ಕೈ ಹಾಕಿ, ತಾವು ಕುಡಿಯುತ್ತಿದ್ದ ಔಷಧದ ಬಾಟಲಿ ತೆಗೆದು ಕಟ್ಟೆಯ ಮೇಲೆ ಇಟ್ಟರು. ಕೇಳುವ ಪ್ರಶ್ನೆ ಅವರಿಗೆ ಗೊತ್ತಿತ್ತು. ಹದಿನಾರು ವರ್ಷಗಳ ಹಿಂದೆ ಸಾಹೇಬರ ಅಂಗಿಯ ಕೊರಳಪಟ್ಟಿ ಹಿಡಿದಿದ್ದ ಕೈ ಈಗ ಬಾಟಲಿಯನ್ನು ಮೆಲ್ಲಗೆ ಮುಂದೆ ಸರಿಸಿತು.

ಆ ದಿನದ ಸಂಬಳಕ್ಕೆ ಸೇರದ ಕೆಲಸ ಅದು. ಸೇವಾಪುಸ್ತಕ ಬೆಳಿಗ್ಗೆಯೇ ಮುಚ್ಚಿತ್ತು. ಸಾಹೇಬರು ಬಾಟಲಿಯನ್ನು ಬೆಳಕಿಗೆ ಹಿಡಿದು, ಅಳತೆಯ ಗಾಜು ತೊಳೆದು ತರಲು ಒಳಗೆ ಹೋದರು.

ಅವರು ಈಗಲೂ ಮನೆಯ ಪಡಸಾಲೆಯಲ್ಲಿ ದಿನವೂ ಬೆಳಿಗ್ಗೆ ಎರಡು ಗಂಟೆ ಕೂಡುತ್ತಾರೆ. ಬಂದವರನ್ನು ನೋಡಿ, ಯಾವ ಡಾಕ್ಟರ ಬಳಿ ಹೋಗಬೇಕೆಂದು ಹೇಳಿ ಕಳಿಸುತ್ತಾರೆ. ತೊಲೆಗೆ ಒಂದು ಮಡಕೆ ತೂಗುತ್ತಿರುತ್ತದೆ, ಬೇಕಾದವರು ಕೂತು ಕೇಳಿ ನೋಡಲೆಂದು. ಆ ಪಡಸಾಲೆಯ ಬಾಗಿಲು ಬಹುಕಾಲ ತೆರೆದಿರಲಿ. ಸಾಹೇಬರ ಕಣ್ಣಿಗೆ ಬಾಟಲಿಯ ಅಗಲ ಕಾಣುವಷ್ಟು ಬೆಳಕು, ಕಿವಿಗೆ ದೂರದ ಗಾಡಿಯನ್ನು ಎಲ್ಲರಿಗಿಂತ ಮೊದಲು ಹಿಡಿಯುವಷ್ಟು ಚುರುಕು, ಇನ್ನೂ ಹಲವು ವರ್ಷ ಉಳಿಯಲಿ. ಈ ಸಲ ಆ ಗಾಡಿ ಬಂದು ನಿಲ್ಲಲಿ, ಚಹಾ ನಾವು ಕುಡಿಸುತ್ತೇವೆ.